ಸಾಲ ಮಾಹಿತಿ ವರದಿಯ ಪರಿಶೀಲನೆ ಮತ್ತು ತಪ್ಪುಗಳ ತಿದ್ದುಪಡಿ

ಬ್ಯಾಂಕುಗಳು ಗೃಹ ಸಾಲ, ಶೈಕ್ಷಣಿಕ ಸಾಲ ಮುಂತಾದವುಗಳನ್ನು ಮಂಜೂರು ಮಾಡುವ ಮುನ್ನ ಅರ್ಜಿದಾರರ ಸಾಲ ಮಾಹಿತಿ ವರದಿಯನ್ನು ಪರಿಶೀಲಿಸುತ್ತವೆ. ತೀರಿಸಿದ ಸಾಲವು ಬಾಕಿಯೆಂದು ನಮೂದಾಗಿದ್ದಲ್ಲಿ ಅರ್ಹರ ಅರ್ಜಿಯೂ ತಿರಸ್ಕೃತವಾಗಬಹುದು. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲೇ ವರದಿಯನ್ನು ಪಡೆದು ಪರಿಶೀಲಿಸುವುದು ಸೂಕ್ತ.

ವರದಿ ಪಡೆಯುವ ವಿಧಾನ

ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಅಧಿನಿಯಮ, 2005ರ ಅಡಿಯಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ಕಾರ್ಯನಿರ್ವಹಿಸುತ್ತಿವೆ. ಪ್ರತಿಯೊಂದು ಕಂಪನಿಯಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತಮ್ಮ ವರದಿಯನ್ನು ತಾವೇ ನೋಡುವುದರಿಂದ ಅಂಕ ಕಡಿಮೆಯಾಗುವುದಿಲ್ಲ.

ಪರಿಶೀಲಿಸಬೇಕಾದ ಅಂಶಗಳು

1. ಹೆಸರು, ಜನ್ಮ ದಿನಾಂಕ, ಪ್ಯಾನ್ ಸಂಖ್ಯೆ ಮತ್ತು ವಿಳಾಸ. ಇನಿಷಿಯಲ್‌ನ ವ್ಯತ್ಯಾಸದಿಂದ ಒಂದೇ ಹೆಸರಿನ ಬೇರೊಬ್ಬರ ಸಾಲ ಸೇರಿಹೋಗುವ ಸಂಭವವಿದೆ.
2. ತೀರಿಸಿದ ಬೆಳೆ ಸಾಲ, ಚಿನ್ನದ ಸಾಲ ಅಥವಾ ಕ್ರೆಡಿಟ್ ಕಾರ್ಡ್ ಖಾತೆಯು ಇನ್ನೂ ಚಾಲ್ತಿಯಲ್ಲಿರುವಂತೆ ತೋರಿಸಲಾಗಿದೆಯೇ ಎಂಬುದು.
3. ಗಡುವಿನೊಳಗೆ ಪಾವತಿಸಿದ ಕಂತು ವಿಳಂಬವಾದಂತೆ ನಮೂದಾಗಿದೆಯೇ ಎಂಬುದು.
4. ಅರ್ಜಿ ಸಲ್ಲಿಸದ ಸಂಸ್ಥೆಗಳ ವಿಚಾರಣೆ ಅಥವಾ ಪಡೆಯದ ಸಾಲ. ಇದು ದಾಖಲೆಗಳ ದುರ್ಬಳಕೆಯ ಸೂಚನೆಯಾಗಿರಬಹುದು.

ಜಾಮೀನುದಾರರ ವರದಿಯಲ್ಲಿ ಅವರು ಜಾಮೀನು ನೀಡಿದ ಸಾಲ ಕಾಣಿಸಿಕೊಳ್ಳುವುದು ತಪ್ಪಲ್ಲ. ರಿಯಾಯಿತಿಯೊಡನೆ ಇತ್ಯರ್ಥವಾದ ಸಾಲವನ್ನು ‘ಸೆಟಲ್ಡ್’ ಎಂದು ನಮೂದಿಸುವುದೂ ತಪ್ಪಲ್ಲ. ಪೂರ್ಣ ಮೊತ್ತ ಪಾವತಿಸಿದ್ದರೂ ಹಾಗೆ ನಮೂದಾಗಿದ್ದಲ್ಲಿ ಮಾತ್ರ ತಿದ್ದುಪಡಿ ಕೋರಬಹುದು.

ತಿದ್ದುಪಡಿಯ ಕ್ರಮ

ಸಾಲ ನೀಡಿದ ಸಂಸ್ಥೆಯ ದೃಢೀಕರಣವಿಲ್ಲದೆ ಸಾಲ ಮಾಹಿತಿ ಕಂಪನಿಯು ತಾನಾಗಿಯೇ ವಿವರಗಳನ್ನು ಬದಲಿಸುವಂತಿಲ್ಲ. ಆದ್ದರಿಂದ ಕಂಪನಿಯ ಜಾಲತಾಣದಲ್ಲಿ ದೂರು ದಾಖಲಿಸುವುದರ ಜೊತೆಗೆ ಸಂಬಂಧಿತ ಬ್ಯಾಂಕ್ ಶಾಖೆಗೂ ಲಿಖಿತ ಮನವಿ ಸಲ್ಲಿಸುವುದು ಒಳಿತು. ಬೇಬಾಕಿ ಪತ್ರ, ಪಾವತಿ ರಸೀದಿ ಮತ್ತು ಖಾತೆಯ ವಿವರಪಟ್ಟಿಯ ಪ್ರತಿಗಳನ್ನು ಲಗತ್ತಿಸತಕ್ಕದ್ದು. ಮನವಿಯ ಸ್ವೀಕೃತಿ ಮತ್ತು ದೂರಿನ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. ಕಾಲಮಿತಿಯು ದೂರು ದಾಖಲಾದ ದಿನದಿಂದ ಎಣಿಕೆಯಾಗುತ್ತದೆ.

ಒಂದು ಕಂಪನಿಯ ವರದಿ ಸರಿಯಾದ ಮಾತ್ರಕ್ಕೆ ಉಳಿದವು ಸರಿಯಾಗಿವೆ ಎಂದು ಭಾವಿಸುವಂತಿಲ್ಲ. ತಿದ್ದುಪಡಿಯ ನಂತರ ಎಲ್ಲ ವರದಿಗಳನ್ನೂ ನೋಡಿಕೊಳ್ಳಬೇಕು.

ಕಾಲಮಿತಿ ಮತ್ತು ಪರಿಹಾರ

ದೂರು 30 ದಿನಗಳೊಳಗೆ ಇತ್ಯರ್ಥವಾಗತಕ್ಕದ್ದು. ಇದರಲ್ಲಿ ಬ್ಯಾಂಕು 21 ದಿನಗಳೊಳಗೆ ಸರಿಯಾದ ಮಾಹಿತಿಯನ್ನು ಕಂಪನಿಗೆ ಕಳುಹಿಸಬೇಕು. ರಿಸರ್ವ್ ಬ್ಯಾಂಕಿನ 2023ರ ಅಕ್ಟೋಬರ್ ಆದೇಶವು 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದು, ಅದರಂತೆ 30 ದಿನ ಮೀರಿದ ಪ್ರತಿ ದಿನಕ್ಕೆ ರೂ. 100ರಂತೆ ದೂರುದಾರರಿಗೆ ಪರಿಹಾರ ಸಲ್ಲತಕ್ಕದ್ದು. ವಿಳಂಬಕ್ಕೆ ಕಾರಣವಾದ ಸಂಸ್ಥೆಯೇ ಇದನ್ನು ಭರಿಸಬೇಕು.

ಮೇಲ್ಮನವಿ

30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಾಗಿರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ವಿಳಂಬವಿಲ್ಲದೆ ದೂರು ಸಲ್ಲಿಸಬಹುದು. ಸಾಲ ಮಾಹಿತಿ ಕಂಪನಿಗಳನ್ನು 2022ರ ಸೆಪ್ಟೆಂಬರ್ 1ರಿಂದ ಈ ವ್ಯವಸ್ಥೆಗೆ ಒಳಪಡಿಸಲಾಗಿದೆ. ಇದಕ್ಕೆ ಶುಲ್ಕವಿಲ್ಲ.

ಸೂಚನೆ: ಹಣ ಪಡೆದು ವರದಿಯನ್ನು ಸರಿಪಡಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳಿಗೆ ದಾಖಲೆ ಅಥವಾ ಓಟಿಪಿ ನೀಡಬಾರದು. ನಿಜವಾದ ಬಾಕಿಯ ನಮೂದನ್ನು ಯಾರೂ ಅಳಿಸಲಾರರು. ತಪ್ಪಾದ ನಮೂದನ್ನು ತಿದ್ದಿಸಲು ಮಧ್ಯವರ್ತಿಯ ಅಗತ್ಯವಿಲ್ಲ.