ರಘು ದೀಕ್ಷಿತ್

ರಘು ದೀಕ್ಷಿತ್ (ಜನನ 1974, ನಾಸಿಕ್): ಮೈಸೂರಿನಲ್ಲಿ ಬೆಳೆದ ಗಾಯಕ, ಗೀತರಚನಕಾರ, ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಕಲಿತದ್ದು ಭರತನಾಟ್ಯ. ಅಮೆರಿಕದ ರಾಕ್ ಗಾಯಕರ ಏಳುಬೀಳನ್ನು ಬಹುಕಾಲ ಆಲ್ಬಂ ಮಾರಾಟದಿಂದಲೇ ಅಳೆದದ್ದುಂಟು. ಇವರಿಗೆ ಆ ಅಳತೆಗೋಲು ಒಗ್ಗದು. 'ಅಂತರಾಗ್ನಿ' ತಂಡ ಕಟ್ಟಿ ವರ್ಷಗಟ್ಟಲೆ ಹಾಡಿದ ಮೇಲೆ, 2008ರಲ್ಲಷ್ಟೇ ಇವರ ಹೆಸರಿನ ಮೊದಲ ಆಲ್ಬಂ ಹೊರಬಂತು. ಹೊರತಂದವರು ಹಿಂದಿ ಚಿತ್ರರಂಗದ ವಿಶಾಲ್–ಶೇಖರ್ ಜೋಡಿ. ಎರಡನೆಯದು 'ಜಗ್ ಚಂಗಾ', 2013. ನಡುವಿನ ಐದು ವರ್ಷ ಇವರನ್ನು ಬೆಳೆಸಿದ್ದು ವೇದಿಕೆ: ಬಣ್ಣಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಹೆಗಲಿಗೆ ಗಿಟಾರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಬಂತು.

ಇವರು ಹಾಡುವ ಸಂತ ಶಿಶುನಾಳ ಶರೀಫರ ಪದಗಳನ್ನು ಗಾಯಕ ಸಿ. ಅಶ್ವಥ್ ಆಗಲೇ ಮನೆಮಾತಾಗಿಸಿದ್ದರು, ಇವರದು ಎರವಲು ಜನಪ್ರಿಯತೆ ಎಂಬ ಆಕ್ಷೇಪ ಉಂಟು. ಅದರಲ್ಲಿ ಅರ್ಧ ನಿಜ. ಆದರೆ ಅಶ್ವಥ್ ಕೇಳುಗರು ಕನ್ನಡ ಬಲ್ಲವರು. ಸಾಹಿತ್ಯದ ಗಂಧವಿಲ್ಲದ ಲಂಡನ್ನಿನ ಸಭಿಕರನ್ನು ಕುಣಿಸಲು ತಾಳ, ಪಿಟೀಲು, ಗಾಯಕನ ಹುರುಪೇ ಬಂಡವಾಳವಾಗಬೇಕಿತ್ತು. ಸಿನಿಮಾ ಇಲ್ಲದಿದ್ದರೆ ನಾಡಿನೊಳಗೆ ಇಷ್ಟು ಹೆಸರಾಗುತ್ತಿತ್ತೇ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು: 'ಸೈಕೋ' (2008), 'ಜಸ್ಟ್ ಮಾತ್ ಮಾತಲ್ಲಿ' (2010) ಚಿತ್ರಗಳ ಹಾಡುಗಳು ಆಲ್ಬಂ ತಲುಪದ ಮನೆಗಳನ್ನೂ ತಲುಪಿದವು.