ಕಬ್ಬಿಣದ ನೇಗಿಲು ಬ್ಯಾಡ ಅಂದವರು ದಡ್ಡರಾ?

ಹದಿನೈದು ದಿನದಿಂದ ನಮ್ಮ ಮನ್ಯಾಗ ಒಂದೇ ಮಾತು, ಪವರ್ ವೀಡರ್. ಮಗ ಮೊಬೈಲಿನಾಗ ವಿಡಿಯೋ ತೋರಸ್ತಾನ. ಅದರಾಗ ಒಬ್ಬ ಹುಡುಗ ಮಷಿನ್ ಹಿಡಿದು ಹಾಡಿಗೆ ಹೆಜ್ಜೆ ಹಾಕ್ದಂಗ ನಡೀತಾನ, ಹಿಂದ ಮಣ್ಣು ಹಿಟ್ಟಾಗಿ ಬೀಳ್ತದ. ಸಬ್ಸಿಡಿ ಹೋಗಿ ಉಳಿದ ರೊಕ್ಕಕ್ಕ ಎತ್ತು ಮಾರೋಣು ಅನ್ನೋದು ಅವನ ಲೆಕ್ಕ. ನಾನು ಸುಮ್ಮನೆ ಕೂತೆ. "ನೀವು ಕಬ್ಬಿಣದ ನೇಗಿಲು ಬ್ಯಾಡ ಅಂದ ಮಂದಿ" ಅಂದ. ಆ ಮಾತು ತಲ್ಯಾಗ ಕೂತುಬಿಡ್ತು. ಅದಕ್ಕೇ ಇವತ್ತು ಆ ನೇಗಿಲಿನ ಇತಿಹಾಸ ಬರೀತೀನಿ.

ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಮುಂಬೈಯಲ್ಲಿ ಚಿತ್ರಕಲೆ ಕಲಿಯಲು ಹೋದರು. ಬಣ್ಣ ಸರಿಯಾಗಿ ಗುರುತಾಗದ ಕಣ್ಣಿನ ದೋಷವಿತ್ತು, ಹಾಗಾಗಿ ಯಂತ್ರಗಳ ನಕ್ಷೆ ಬರೆಯುವುದು ಕಲಿತು ಅದನ್ನೇ ಕಲಿಸುವ ಕೆಲಸ ಹಿಡಿದರು. ಆಮೇಲೆ ಬೆಳಗಾವಿಯಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ ನಡೆಸಿದರು. ಮೇವು ಕತ್ತರಿಸುವ ಯಂತ್ರ ಮಾಡಿದರು, 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಮೊದಲ ನೇಗಿಲು ಮಾರಾಟ ಆಗಲು ಎರಡು ವರ್ಷ ಹಿಡೀತು ಅಂತ ಅವರ ಕಥೆ ಹೇಳುವವರೆಲ್ಲ ಹೇಳ್ತಾರೆ. ಕಾರಣ? ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರ್ತದೆ ಅಂತ ರೈತರು ನಂಬಿದ್ದರಂತೆ. ಈ ಕಥೆ ಓದಿದವರೆಲ್ಲ ನಕ್ಕು ಮುಂದೆ ಹೋಗ್ತಾರೆ.

ನಾನು ಅಲ್ಲೇ ನಿಂತೆ. ಯಾಕಂದ್ರೆ ಇದೇ ಮಾತು ಅದಕ್ಕೂ ನೂರು ವರ್ಷ ಮೊದಲು ಅಮೆರಿಕದಲ್ಲೂ ಆಗಿದೆ. ನ್ಯೂಜೆರ್ಸಿಯ ಚಾರ್ಲ್ಸ್ ನ್ಯೂಬೋಲ್ಡ್ 1797ರಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಪೇಟೆಂಟ್ ತಗೊಂಡ. ಅಲ್ಲಿಯ ರೈತರೂ ಮಣ್ಣಿಗೆ ವಿಷ, ಕಸ ಹೆಚ್ಚಾಗ್ತದೆ ಅಂದರಂತೆ. ಆದರೆ ಆ ನೇಗಿಲನ್ನು ಹೆಂಗ ಮಾಡಿದ್ದ ನೋಡ್ರಿ: ಕುಳ, ಮಣ್ಣು ಹೊರಳಿಸುವ ಹಲಗೆ ಎಲ್ಲಾ ಸೇರಿಸಿ ಒಂದೇ ಎರಕ! ಎರಕದ ಕಬ್ಬಿಣ ಬಾಗೋದಿಲ್ಲ, ಒಡೀತದೆ. ಕಲ್ಲಿಗೆ ಬಡಿದು ತುದಿ ಮುರಿದರೆ ಇಡೀ ನೇಗಿಲೇ ಹೋಯಿತು. ವಿಷ ಅನ್ನೋದು ಬಾಯಿ ಮಾತು ಇರಬಹುದು, ಆದರೆ ರೈತ ಒಳಗೊಳಗೆ ಹಾಕಿದ ಲೆಕ್ಕ ಬೇರೆ ಇತ್ತು ಅಂತ ನನಗನಿಸ್ತದೆ.

ಅದಕ್ಕೆ ಸಾಕ್ಷಿ ಮುಂದಿನ ಕಥೆ. ಇಂಗ್ಲೆಂಡಿನ ರಾಬರ್ಟ್ ರಾನ್ಸಮ್ 1808ರಲ್ಲಿ ಬಿಚ್ಚಿ ಬದಲಿಸುವ ಭಾಗಗಳ ನೇಗಿಲು ತಂದ. ಅಮೆರಿಕದಲ್ಲಿ ಜೆತ್ರೊ ವುಡ್ 1819ರಲ್ಲಿ ಅಂಥದ್ದೇ ಮಾಡಿದ. ಸವೆದ ಭಾಗ ಬಿಚ್ಚು, ಹೊಸದು ಹಾಕು. ಅದನ್ನ ಅದೇ ರೈತರು ಕೊಂಡರು. ಅಷ್ಟರೊಳಗ ಕಬ್ಬಿಣದ ವಿಷ ಎಲ್ಲಿ ಹೋಗಿತ್ತು?

ಇನ್ನೊಂದು ತೊಡಕು ಮಣ್ಣಿನದು. ಪೂರ್ವದ ಕಡೆ ಚೆನ್ನಾಗಿ ನಡೆದ ಎರಕದ ನೇಗಿಲು ಇಲಿನಾಯ್ ಸೀಮೆಯ ಕಪ್ಪು ಜಿಗುಟು ಮಣ್ಣಿಗೆ ಬಂದಾಗ ಸೋತಿತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಅಂಟಿದ ಮಣ್ಣು ಕೆರೀಬೇಕು. ಜಾನ್ ಡೀರ್ ಎಂಬ ಕಮ್ಮಾರ 1837ರಲ್ಲಿ ಮುರಿದ ಗರಗಸದ ಉಕ್ಕಿನಿಂದ ನುಣುಪಾದ ನೇಗಿಲು ಮಾಡಿದ ಮೇಲೆ ಮಣ್ಣು ತಾನೇ ಜಾರಿ ಬೀಳತೊಡಗಿತು. ಎರಿ ಹೊಲದಾಗ ಮಳಿ ಮರುದಿನ ನಡೆದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮ ಊರಿನ ಕಡೆ ಬರೋಣ. ಎರಿ ಭೂಮಿ ಬ್ಯಾಸಗಿಯಾಗ ತಾನೇ ಬಾಯಿ ಬಿಡ್ತದ, ಮೇಲಿನ ಮಣ್ಣು ಆ ಬಿರುಕಿನಾಗ ಬಿದ್ದು ಒಳಗ ಹೋಗ್ತದ. ಅದಕ್ಕೇ ಹಿರಿಯರು ವರ್ಷಾ ನೇಗಿಲು ಹೊಡೀತಿರಲಿಲ್ಲ, ಕುಂಟೆ ಹೊಡೆದು ಬಿತ್ತೋರು. ಕರಿಕೆ ಬೇರು ಆಳಕ್ಕಿಳಿದಾಗ ಮಾತ್ರ ದೊಡ್ಡ ನೇಗಿಲು, ಅದಕ್ಕೆ ಎರಡು ಮೂರು ಜೋಡಿ ಎತ್ತು. ಒಂದೇ ಜೋಡಿ ಇದ್ದ ನಮ್ಮಜ್ಜ ಯಾಕೆ ರೊಕ್ಕ ಕೊಟ್ಟು ಕೊಳ್ಳಬೇಕು ಹೇಳ್ರಿ? ರೊಕ್ಕದ ಮಾತು ಇನ್ನೂ ದೊಡ್ಡದು. ಮರದ ರಂಟೆ ಮುರಿದರೆ ಬಡಿಗೇರ ಬರ್ತಿದ್ದ, ಕುಳ ಮೊಂಡಾದರೆ ಕಮ್ಮಾರ ಕಾಸಿ ಬಡೀತಿದ್ದ. ಸುಗ್ಗಿಯಾಗ ಕಣದಲ್ಲೇ ಅವರಿಗೆ ಆಯದ ಕಾಳು. ಕಿಸೆಯಿಂದ ಒಂದು ಪೈಸೆ ಬಿಚ್ಚೋದಿಲ್ಲ. ಕಬ್ಬಿಣದ ನೇಗಿಲಿನ ನಟ್ಟು-ಬೋಲ್ಟು ಕಾಳಿಗೆ ಸಿಗ್ತಿರಲಿಲ್ಲ, ಪ್ಯಾಟಿಗೆ ಹೋಗಬೇಕು, ನಗದು ಕೊಡಬೇಕು. ಬಿತ್ತನೆ ಹದ ಮೂರು ದಿನ ಇರ್ತದ, ಪ್ಯಾಟಿಗೆ ಹೋಗಿ ಬರೋದೇ ಎರಡು ದಿನ. ಆದರೂ ಕೊನೆಗೆ ಕೊಂಡರು, ಅದೂ ಸತ್ಯ. ಕಿರ್ಲೋಸ್ಕರ್ ಅವರು ಔಂಧ್ ಸಂಸ್ಥಾನದ ರಾಜರು ಕೊಟ್ಟ ಬಂಜರು ಭೂಮಿಯಲ್ಲಿ 1910ರಲ್ಲಿ ಕಾರ್ಖಾನೆ ಶುರು ಮಾಡಿದರು. ಮೊದಲ ಮಹಾಯುದ್ಧದಲ್ಲಿ ವಿದೇಶಿ ನೇಗಿಲು ಬರೋದು ಕಡಿಮೆ ಆಯಿತು, ಇಲ್ಲಿಯದಕ್ಕೆ ಬೇಡಿಕೆ ಬಂತು. ಆಗ ಕಬ್ಬಿಣಕ್ಕೂ ಬರ. ಕೊಲ್ಹಾಪುರದ ಮಹಾರಾಜರು ಹಳೇ ತೋಪುಗಳನ್ನು ಕರಗಿಸಲು ಕೊಟ್ಟರಂತೆ. ತೋಪು ಕರಗಿ ನೇಗಿಲಾಯಿತು! ಮುಂದೆ ಊರ ಹತ್ತಿರದ ಪ್ಯಾಟಿಯಲ್ಲೇ ಕುಳ ಸಿಗತೊಡಗಿದ ಮೇಲೆ ನಮ್ಮ ಅಪ್ಪನೂ ಒಂದು ತಂದ. ಅದು ಈಗಲೂ ಹಕ್ಕಿಯಾಗ ಐತಿ, ರಂಟೆ ಪಕ್ಕದಾಗ.

ಹಂಗಂತ ಬ್ಯಾಡ ಅಂದವರೆಲ್ಲ ಶಾಣ್ಯಾರು ಅಂತ ನಾನು ಹೇಳ್ತಿಲ್ಲ. ಕರಿಕೆ ತುಂಬಿ ಬೀಳು ಬಿದ್ದ ಹೊಲ ಇದ್ದವರು ಮೊದಲೇ ಕೊಂಡಿದ್ದರೆ ಉಳೀತಿದ್ದರು. ನಾನು ಹತ್ತು ವರ್ಷದ ಹಿಂದೆ ಎರಡನೇ ಯೋಚನೆ ಮಾಡದೆ ಒಂದು ಪವರ್ ಸ್ಪ್ರೇಯರ್ ತಂದವ. ಒಂದು ವಾಷರ್ ಸಿಗದೆ ಹತ್ತಿ ಹಂಗಾಮು ಪೂರ್ತಿ ಮೂಲ್ಯಾಗ ಕೂತ್ತು, ಕಾಯಿಕೊರಕ ಕಾಯೋದಿಲ್ಲಲ್ಲ.

ಮೊನ್ನೆ ಮಗನ್ನ ಕರಕೊಂಡು ಅಂಗಡಿಗೆ ಹೋದೆ. ಬ್ಲೇಡು, ಬೆಲ್ಟು ಇಲ್ಲೇ ಇಟ್ಟೀರಾ ಅಂತ ಕೇಳಿದೆ. ಬ್ಲೇಡು ಐತಿ, ಉಳಿದದ್ದು ಆರ್ಡರ್ ಹಾಕಿದ ಎಂಟು ದಿನಕ್ಕ ಬರ್ತದ ಅಂದರು. ವಿಡಿಯೋದಾಗಿನ ಮಣ್ಣು ಕೆಂಪು ಇತ್ತು, ನಮ್ಮದು ಎರಿ, ಮಳಿ ಬಿದ್ದ ಎರಡನೇ ದಿನ ನಮ್ಮ ಹೊಲಕ್ಕ ತಂದು ಒಂದು ತಾಸು ಓಡಿಸಿ ತೋರಸ್ರಿ, ಓಡಿದರ ಅಲ್ಲೇ ಮುಂಗಡ ಕೊಡ್ತೀನಿ ಅಂದೆ. ಮಗನೂ ಹೂಂ ಅಂದ. ಅಲ್ಲೀತನಕ ಎತ್ತು ಮಾರೋ ಮಾತು ಇಲ್ಲ. ಮಳಿ ಬಂದು ನಾಲ್ಕು ದಿನ ಆತು, ಅಂಗಡಿಯವರ ಫೋನ್ ಇನ್ನೂ ಬಂದಿಲ್ಲ. ನಾಳೆ ಎಡೆಕುಂಟೆ ಹೂಡ್ತೀನಿ.