ಕಂಡವರ ರೇಖೆ, ಚಲಿಸುವ ಚಿತ್ರ: ಹಿರೋಶಿಮಾದ ಸ್ಮೃತಿ ಮತ್ತು ‘ಪಿಕಾಡೋನ್’

ಚರಿತ್ರೆಯ ಆಕರಗಳೆಂದು ಶಾಸನ, ಕಡತ, ಛಾಯಾಚಿತ್ರಗಳನ್ನು ನಾವು ಹೆಸರಿಸುತ್ತೇವೆ. ಕೈಯಿಂದ ಬರೆದು ಬಣ್ಣ ತುಂಬಿದ ಅನಿಮೇಷನ್ ಚಿತ್ರವನ್ನು ಆ ಸಾಲಿಗೆ ಸೇರಿಸುವ ರೂಢಿಯಿಲ್ಲ. ಅದು ಮಕ್ಕಳ ವಿನೋದಕ್ಕೆ ಮೀಸಲೆಂಬ ಭಾವನೆ ವಿದ್ವಾಂಸರಲ್ಲಿಯೂ ಬೇರೂರಿದೆ. ಆದರೆ ಕ್ಯಾಮೆರಾ ತಲುಪದ, ತಲುಪಿದರೂ ಸೋತುಹೋದ ದುರಂತವನ್ನು ಚರಿತ್ರಕಾರನು ಯಾವುದರ ಮೂಲಕ ಕಾಣಬೇಕು? ರೆಂಜೊ ಕಿನೋಶಿತಾ ಹಾಗೂ ಸಾಯೊಕೊ ಕಿನೋಶಿತಾ ದಂಪತಿಗಳು ಜಪಾನಿನಲ್ಲಿ 1978ರಲ್ಲಿ ನಿರ್ಮಿಸಿದ, ಹತ್ತು ನಿಮಿಷಕ್ಕೂ ಕಿರಿದಾದ ‘ಪಿಕಾಡೋನ್’ ಚಿತ್ರವನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ಪ್ರಯತ್ನಕ್ಕೆ ಪೂರ್ವನಿದರ್ಶನವಿಲ್ಲದೆ ಇಲ್ಲ. 1915ರ ಮೇ 7ರಂದು ‘ಲುಸಿಟಾನಿಯಾ’ ಹಡಗು ಸುಮಾರು 1,200 ಜನರೊಡನೆ ಮುಳುಗಿದಾಗ ಅದನ್ನು ಚಿತ್ರೀಕರಿಸಿದವರು ಯಾರೂ ಇರಲಿಲ್ಲ. ಅಮೆರಿಕದ ಪತ್ರಿಕಾ ಚಿತ್ರಕಾರ ವಿನ್ಸರ್ ಮೆಕೇ ಆ ಮುಳುಗಡೆಯನ್ನು ಸಾವಿರಾರು ಚಿತ್ರಗಳಲ್ಲಿ ಬರೆದು 1918ರಲ್ಲಿ ತೆರೆಗೆ ತಂದನು. ಆದರೆ ಅವನದು ಕೇಳಿದವನ ಚಿತ್ರ. ಯುದ್ಧಪ್ರಚಾರದ ಆವೇಶವೂ ಅದರಲ್ಲಿ ಸೇರಿಕೊಂಡಿತ್ತು. ಹಿರೋಶಿಮಾದ ಸಂಗತಿ ಬೇರೆ.

1945ರ ಆಗಸ್ಟ್ 6ರಂದು ಬೆಳಗಿನ 8.15ಕ್ಕೆ ಬಾಂಬು ಸಿಡಿಯಿತು. ಆ ವರ್ಷದ ಕೊನೆಯ ವೇಳೆಗೆ ಸುಮಾರು 1,40,000 ಜನ ಸತ್ತರೆಂದು ಅಂದಾಜು. ಅಂದು ನಗರದೊಳಗಿನ ಜನರ ಸ್ಥಿತಿಯನ್ನು ಸೆರೆಹಿಡಿದ ಛಾಯಾಚಿತ್ರಗಳಲ್ಲಿ ಪ್ರಸಿದ್ಧವಾಗಿ ಉಳಿದವು ಪತ್ರಿಕಾ ಛಾಯಾಗ್ರಾಹಕ ಯೊಶಿತೊ ಮಾತ್ಸುಶಿಗೆ ತೆಗೆದ ಐದು. ಮಿಯುಕಿ ಸೇತುವೆಯ ಬಳಿ ಸುಟ್ಟ ಮೈಗಳ ಗುಂಪಿನ ಮುಂದೆ ಅವರು ಬಹಳ ಹೊತ್ತು ಗುಂಡಿಯನ್ನೊತ್ತಲಾರದೆ ನಿಂತರು. ಇದು ಯಂತ್ರದ ಕೊರತೆಯಲ್ಲ, ಮನುಷ್ಯನ ಸಂಕೋಚ. ಮುಂದೆ ಆಕ್ರಮಿತ ಆಡಳಿತದ ಪತ್ರಿಕಾ ನಿರ್ಬಂಧಗಳಿಂದಾಗಿ ವಿನಾಶದ ಛಾಯಾಚಿತ್ರಗಳು ವ್ಯಾಪಕವಾಗಿ ಜನರ ಕೈಸೇರಿದ್ದು 1952ರಲ್ಲಿ ಮಾತ್ರ.

ಈ ಶೂನ್ಯವನ್ನು ತುಂಬಿದವರು ವೃತ್ತಿಚಿತ್ರಕಾರರಲ್ಲ. 1974ರಲ್ಲಿ 77 ವರ್ಷದ ವೃದ್ಧರೊಬ್ಬರು ತಾವೇ ಬರೆದ ಚಿತ್ರವೊಂದನ್ನು ಹಿರೋಶಿಮಾದ ಎನ್‌ಎಚ್‌ಕೆ ಪ್ರಸಾರ ಕೇಂದ್ರಕ್ಕೆ ಒಯ್ದುಕೊಟ್ಟರು. ಮೂವತ್ತು ವರ್ಷ ಹಿಂದೆ ಯೊರೊಜುಯೊ ಸೇತುವೆಯ ಬಳಿ ಕಂಡದ್ದು ಅದರಲ್ಲಿತ್ತು. ಕೇಂದ್ರವು ಇಂಥ ಚಿತ್ರಗಳನ್ನು ಕಳುಹಿಸಿರೆಂದು ಕರೆಕೊಟ್ಟಿತು. ಎರಡು ಸಾವಿರಕ್ಕೂ ಹೆಚ್ಚು ಬಂದವು. ಕುಂಚ ಹಿಡಿದು ಅಭ್ಯಾಸವಿಲ್ಲದ ಕೈಗಳು ಮಕ್ಕಳ ಬಣ್ಣದ ಕಡ್ಡಿ, ಜಲವರ್ಣ, ಪೆನ್ಸಿಲುಗಳಿಂದ ಅವನ್ನು ಬರೆದಿದ್ದವು. ಆಕೃತಿಗಳ ಪ್ರಮಾಣ ತಪ್ಪಿರಬಹುದು. ಆದರೆ ಸುಟ್ಟ ಚರ್ಮದ ಕೆಂಪು, ಹೊಗೆಯ ಕಪ್ಪು ಎಲ್ಲಿರಬೇಕೆಂಬ ವಿಷಯದಲ್ಲಿ ಆ ಕೈಗಳಿಗೆ ಸಂದೇಹವಿಲ್ಲ. ಕಪ್ಪುಬಿಳುಪಿನ ಛಾಯಾಚಿತ್ರ ಹೇಳಲಾರದ್ದು ಇದು. ಅನೇಕರು ಚಿತ್ರದ ಮೇಲೆಯೇ ಸ್ಥಳ, ಹೊತ್ತು, ತಾವು ಕೇಳಿದ ಮಾತುಗಳನ್ನೂ ಬರೆದಿರುವರು. ಚಿತ್ರವೂ ಹೇಳಿಕೆಯೂ ಒಂದೇ ಹಾಳೆಯಲ್ಲಿ ಕೂಡಿವೆ. ಅವನ್ನು ಕಲೆಯೆಂದು ಅಳೆಯಹೊರಡುವುದು, ನನ್ನ ದೃಷ್ಟಿಯಲ್ಲಿ, ಸಾಕ್ಷಿಯ ವ್ಯಾಕರಣವನ್ನು ತಿದ್ದಹೊರಟಂತೆ.

ಕಿನೋಶಿತಾ ದಂಪತಿಗಳು ಆಧಾರವಾಗಿಟ್ಟುಕೊಂಡದ್ದು ಬದುಕುಳಿದವರ ಈ ಚಿತ್ರಗಳನ್ನು, ಅವರ ಹೇಳಿಕೆಗಳನ್ನು. ಅವರ ಚಿತ್ರದಲ್ಲಿ ಸಂಭಾಷಣೆಯಿಲ್ಲ. ಮೊದಲ ಭಾಗದಲ್ಲಿ ನಗರದ ಒಂದು ಸಾಮಾನ್ಯ ಬೆಳಗು ಮಾತ್ರ. ಕಾಗದದ ವಿಮಾನ ಹಾರಿಸುವ ಹುಡುಗನಿದ್ದಾನೆ, ಕೆಲಸಕ್ಕೆ ಹೊರಟವರಿದ್ದಾರೆ. ಬಳಿಕ ಬೆಳಕು, ಅದೇ ಮುಖಗಳು ಕರಗತೊಡಗುತ್ತವೆ. ಇಲ್ಲಿ ತಂತ್ರದ ವಿಚಾರವನ್ನು ಗಮನಿಸಬೇಕು. ಪಾರದರ್ಶಕ ಹಾಳೆಯ ಒಂದು ಬದಿಗೆ ರೇಖೆ, ಹಿಂಬದಿಗೆ ಬಣ್ಣ: ರೇಖೆಯೇ ದೇಹದ ಗಡಿ. ಆ ಗಡಿಯನ್ನು ಹಾಳೆಯಿಂದ ಹಾಳೆಗೆ ತುಸುತುಸುವಾಗಿ ಬದಲಿಸಿ ಬರೆದಾಗ ದೇಹವು ಗುರುತು ಕಳೆದುಕೊಳ್ಳುವ ಕ್ಷಣ ಕಾಲದಲ್ಲಿ ಹರಡಿಕೊಳ್ಳುತ್ತದೆ. ಬದುಕುಳಿದವರ ಚಿತ್ರಗಳಲ್ಲಿ ಈ ಕ್ಷಣವಿಲ್ಲ, ಇರುವುದು ಅದರ ನಂತರದ್ದು. ಸಿಡಿತದ ಕೆಳಗೇ ಇದ್ದವರು ಚಿತ್ರ ಬರೆಯಲು ಉಳಿಯಲಿಲ್ಲ. ಹೀಗಾಗಿ ‘ಪಿಕಾಡೋನ್’ ತನ್ನ ಆಕರಗಳು ನಿಂತಲ್ಲಿ ನಿಲ್ಲದೆ, ಯಾರೂ ಕಂಡು ಹೇಳದ ಭಾಗವನ್ನು ಊಹೆಯಿಂದ ತುಂಬುತ್ತದೆ. ಪ್ರೇಕ್ಷಕನ ಮನಸ್ಸಿನಲ್ಲಿ ಅಚ್ಚೊತ್ತುವುದೂ ಈ ಭಾಗವೇ.

ಕಳೆದುಕೊಂಡದ್ದೂ ಇದೆ. ಹಾಳೆಯ ಮೇಲಿನ ಕೈಬರಹ ತೆರೆಯ ಮೇಲೆ ಬರಲಿಲ್ಲ; ಇಂಥ ಸೇತುವೆ, ಇಂಥ ಹೊತ್ತು ಎಂದಿದ್ದ ಸಾಕ್ಷ್ಯವು ಹೆಸರಿಲ್ಲದ ಬೀದಿಯಾಯಿತು. ಅಭ್ಯಾಸವಿಲ್ಲದ ಕೈಗಳ ನಡುಕವನ್ನು ನುರಿತ ರೇಖೆ ಮರೆಸಿತು. ಆದುದರಿಂದ ಸಂಶೋಧಕನು ಈ ಚಿತ್ರವನ್ನು ಘಟನೆಯ ದಾಖಲೆಯಾಗಿ ಉಲ್ಲೇಖಿಸುವುದು ಸಲ್ಲದು. ಮೂವತ್ತು ವರ್ಷಗಳ ತರುವಾಯ ಒಂದು ಸಮಾಜ ಅದನ್ನು ಹೇಗೆ ನೆನೆಯಿತೆಂಬುದಕ್ಕೆ ಮಾತ್ರ ಇದು ಮೊದಲ ದರ್ಜೆಯ ಆಕರ. ಮೂಲಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದಾಗಲೇ ಕಿನೋಶಿತಾರು ಎಲ್ಲಿ ಕಂಡದ್ದನ್ನು ಅನುಸರಿಸಿದರು, ಎಲ್ಲಿ ಕಲ್ಪಿಸಿದರು ಎಂಬುದು ಬೇರ್ಪಡುತ್ತದೆ.

ಶೀರ್ಷಿಕೆಯಲ್ಲಿಯೇ ಈ ಬೆಸುಗೆಯಿದೆ. ‘ಪಿಕಾ’ ಎಂದರೆ ಮಿಂಚು, ‘ಡೋನ್’ ಎಂದರೆ ಸಿಡಿತದ ಸದ್ದು. ಬಾಂಬಿಗೆ ಜನರೇ ಇಟ್ಟ ಹೆಸರಿದು. ಸಮೀಪದಲ್ಲಿದ್ದು ಬದುಕಿದವರಲ್ಲಿ ಹಲವರಿಗೆ ನೆನಪಿದ್ದುದು ಬೆಳಕು ಮಾತ್ರ, ಅವರು ಅದನ್ನು ‘ಪಿಕಾ’ ಎಂದಷ್ಟೇ ಕರೆದರು; ಸದ್ದನ್ನು ಕೂಡಿಸಿ ಹೇಳಿದವರು ದೂರದಲ್ಲಿದ್ದವರು.